ಕನಿಷ್ಠ ಕೂಲಿ ಏರಿದರೆ ಕೊಡಗಿನ ತೋಟಗಳಲ್ಲಿ ಕೆಲಸ ಕಡಿಮೆಯಾಗುತ್ತದೆಯೇ?

ಪರ: ಕೂಲಿ ಏರಿಸಿ, ಕೊಯ್ಲಿನ ಕೆಲಸ ಎಲ್ಲಿಗೂ ಹೋಗದು

ಕನಿಷ್ಠ ಕೂಲಿಯ ಮಾತು ಬಂದಾಗಲೆಲ್ಲ ಕೇಳಿಬರುವ ಉತ್ತರ ಒಂದೇ: ‘ಹಾಗಾದರೆ ಆಳು ಕಡಿಮೆ ಮಾಡಬೇಕಾಗುತ್ತದೆ.’ ಕೊಡಗಿನ ಕಾಫಿ ತೋಟದ ಮಟ್ಟಿಗೆ ಇದರಲ್ಲಿ ಹುರುಳಿಲ್ಲ. ಇಲ್ಲಿ ಬೆಳೆಯುವ ಎರಡು ಕಾಫಿ ತಳಿಗಳಲ್ಲಿ ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾದರೆ ರೊಬಸ್ಟಾ ಮಾರ್ಚ್‌ವರೆಗೂ ನಡೆಯುತ್ತದೆ. ಇಳಿಜಾರು, ನೆರಳಿನ ಮರ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಇವುಗಳ ನಡುವೆ ಬ್ರೆಜಿಲ್‌ನ ಬಯಲು ತೋಟದಲ್ಲಿ ಓಡುವ ಕೊಯ್ಲಿನ ಯಂತ್ರ ಓಡುವುದಿಲ್ಲ. ಹಣ್ಣನ್ನು ಗಿಡದಲ್ಲೇ ಬಿಟ್ಟರೆ ಒಣಗಿ ಉದುರುತ್ತದೆ, ಕಾಯಿಕೊರಕ ಹುಳುವಿಗೆ ಮನೆಯಾಗುತ್ತದೆ. ಕೊಯ್ಲು ತಡವಾಗಿ, ಅಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ ಹಣ್ಣು ಕುಯ್ಯುವ ಕೈಯೇ ಮುಂದಿನ ವರ್ಷದ ಹೂವನ್ನೂ ಉದುರಿಸುತ್ತದೆ. ಹೀಗಿರುವಾಗ ಕೂಲಿ ಐವತ್ತು ರೂಪಾಯಿ ಹೆಚ್ಚಾಯಿತೆಂದು ಕೊಯ್ಲು ನಿಲ್ಲಿಸುವವರು ಯಾರು? ಅಸ್ಸಾಂ, ಜಾರ್ಖಂಡ್‌ನಿಂದ ಜನ ಕರೆಸುತ್ತಿರುವುದೇ ಆಳಿನ ಅಗತ್ಯ ಎಷ್ಟೆಂಬುದನ್ನು ಹೇಳುತ್ತದೆ.

ಆಳಿಗೆ ಅಷ್ಟು ಬರ ಇದ್ದರೆ ಕೂಲಿ ತಾನಾಗಿಯೇ ಏರಬೇಕಲ್ಲವೇ? ಹೊರಗಿನಿಂದ ಜೀಪಿನಲ್ಲಿ ಬಂದು ಹೋಗುವವರಿಗೆ ಏರಿದೆ. ತೋಟದ ಮಾಲೀಕರೇ ಕೆಲಸಗಾರರಿಗೆ ಕೊಟ್ಟ ಸಾಲುಮನೆ, ಅಂದರೆ ಲೈನ್ ಮನೆಯಲ್ಲಿರುವ ಯರವ, ಜೇನುಕುರುಬ ಮೊದಲಾದ ಆದಿವಾಸಿ ಕುಟುಂಬಗಳಿಗೆ ಅಷ್ಟು ಏರಿಲ್ಲ. ಕೆಲಸ ಬಿಟ್ಟರೆ ಮನೆ ಬಿಡಬೇಕು, ಮನೆ ಬಿಡುವ ಮೊದಲು ಮಾಲೀಕನಿಂದ ಪಡೆದ ಮುಂಗಡ ತೀರಿಸಬೇಕು. ಪಕ್ಕದ ತೋಟದಲ್ಲಿ ಹೆಚ್ಚು ಕೊಡುತ್ತಾರೆಂದು ಗೊತ್ತಿದ್ದರೂ ಹೋಗಲಾಗದು. 2016ರಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವರಲ್ಲಿ ಲೈನ್ ಮನೆಗಳಿಂದ ಬಂದವರು ಬಹಳ ಮಂದಿ ಇದ್ದದ್ದು ಸುಮ್ಮನೆ ಅಲ್ಲ. ಕೆಲಸಗಾರ ಜಾಗ ಬಿಟ್ಟು ಕದಲಲಾಗದ ಕಡೆ ಕೂಲಿಯನ್ನು ಮಾಲೀಕನೇ ತಗ್ಗಿಸಿ ಇಡುತ್ತಾನೆ. ಅಂಥ ಕಡೆ ಕಾನೂನಿನಿಂದ ಕೂಲಿ ಏರಿಸಿದರೆ ಕೆಲಸ ಕಡಿಮೆಯಾಗಲೇಬೇಕೆಂದಿಲ್ಲ. ಇದನ್ನು ಅರ್ಥಶಾಸ್ತ್ರವೇ ಒಪ್ಪುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರಲ್ಲಿ ಗಂಟೆಯ ಕನಿಷ್ಠ ವೇತನ 4.25 ಡಾಲರ್‌ನಿಂದ 5.05ಕ್ಕೆ ಏರಿದಾಗ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಫಾಸ್ಟ್‌ಫುಡ್ ಅಂಗಡಿಗಳನ್ನು ಪಕ್ಕದ ಪೆನ್ಸಿಲ್ವೇನಿಯಾದ ಅಂಗಡಿಗಳ ಜೊತೆ ಹೋಲಿಸಿದರು. ಕೆಲಸ ಕುಸಿದಿರಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ದರ ಏರಿಸುವಷ್ಟೇ ಮುಖ್ಯ, ಕೆಜಿ ಲೆಕ್ಕದ ಕೂಲಿಯನ್ನು ಕಾಯುವುದು. ಕೆಜಿಗೆ 5 ರೂಪಾಯಿ ಎಂದಿಟ್ಟುಕೊಳ್ಳಿ. ಫಸಲು ತುಂಬಿದ ಬ್ಲಾಕಿನಲ್ಲಿ 100 ಕೆಜಿ ಕುಯ್ದವರಿಗೆ 500 ಸಿಗುತ್ತದೆ. ಅದೇ ಕೈ, ಹಣ್ಣು ಅಲ್ಲೊಂದು ಇಲ್ಲೊಂದು ಇರುವ ಮೊದಲ ಸುತ್ತಿನಲ್ಲಿ 40 ಕೆಜಿ ಕುಯ್ದರೆ ಸಂಜೆ ತಕ್ಕಡಿಯ ಮುಂದೆ ಉಳಿಯುವುದು 200. 1948ರ ಕನಿಷ್ಠ ವೇತನ ಕಾಯ್ದೆಯ 17ನೇ ಸೆಕ್ಷನ್ ತೂಕದ ಕೆಲಸಕ್ಕೂ ದಿನದ ಕನಿಷ್ಠ ದರ ತಪ್ಪಬಾರದೆಂದೇ ಹೇಳಿತ್ತು, 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹಾಗಾಗಿ ಆ ಕೊರತೆಯನ್ನು ತೋಟ ತುಂಬಿಕೊಡಬೇಕು. ಇದಕ್ಕೆ ದಿನಾ ತೂಕ ಬರೆದ ಚೀಟಿ ಕೆಲಸಗಾರರ ಕೈಯಲ್ಲಿರಬೇಕು. ತೋಟದ ಲೆಕ್ಕ ಬರೆಯುವ ರೈಟರ್‌ನ ಪುಸ್ತಕದಲ್ಲಿ ಮಾತ್ರ ಇದ್ದರೆ ಸಾಲದು. ಬಾಕಿ ಕೇಳಲು ಹಿಂದೆ ಆರು ತಿಂಗಳ ಗಡುವಿತ್ತು, ಸಂಹಿತೆಯಲ್ಲಿ ಮೂರು ವರ್ಷ. ಕೊಟ್ಟಿದ್ದೇವೆಂದು ಸಾಬೀತು ಮಾಡುವ ಹೊಣೆಯೂ ಈಗ ಮಾಲೀಕನದೇ.

ವಿರೋಧ: ಕೊಯ್ಲು ಉಳಿಯುತ್ತದೆ, ಮಳೆಗಾಲದ ಕೆಲಸ ಹೋಗುತ್ತದೆ

ಕೊಯ್ಲಿನ ಬಗ್ಗೆ ಮೇಲಿನ ಬರಹ ಹೇಳಿದ್ದು ನಿಜ. ಆದರೆ ಕೊಯ್ಲು ವರ್ಷದ ನಾಲ್ಕೈದು ತಿಂಗಳು ಮಾತ್ರ. ಉಳಿದ ತಿಂಗಳುಗಳಲ್ಲಿ ಲೈನ್ ಮನೆಯ ಒಲೆ ಉರಿಯುವುದು ಕಳೆ ಹೊಡೆಯುವುದು, ಕಪಾತು (ಗಿಡ ಸವರುವುದು), ಚಿಗುರು ತೆಗೆಯುವುದು, ನೆರಳು ಕಡಿಯುವುದು, ಗೊಬ್ಬರ ಹಾಕುವುದು, ಇಂಥ ಕೆಲಸಗಳಿಂದ. ಇವನ್ನು ಮುಂದೂಡಬಹುದು, ಒಂದು ಸುತ್ತು ಕಡಿಮೆ ಮಾಡಬಹುದು, ಯಂತ್ರಕ್ಕೆ ಒಪ್ಪಿಸಬಹುದು. ಕೂಲಿ ಏರಿದಾಗ ಬೆಳೆಗಾರ ಕೈ ಹಾಕುವುದು ಇಲ್ಲಿಗೇ.

ಕಳೆಯ ಲೆಕ್ಕವನ್ನೇ ನೋಡಿ. ಕತ್ತಿಯಲ್ಲಿ ಹೊಡೆದರೆ ಎಕರೆಗೆ ಐದು ಆಳು ಎಂದಿಟ್ಟುಕೊಳ್ಳೋಣ. ಹತ್ತು ಎಕರೆಗೆ ವರ್ಷಕ್ಕೆ ಎರಡು ಸುತ್ತು ಅಂದರೆ ನೂರು ಆಳು-ದಿನ. ವೀಡ್ ಕಟ್ಟರ್ ಹಿಡಿದವನೊಬ್ಬ ದಿನಕ್ಕೆ ಮುಕ್ಕಾಲು ಎಕರೆ ಮುಗಿಸಿದರೂ ಇಪ್ಪತ್ತೇಳು ದಿನ ಸಾಕು. ಅವನಿಗೆ ಕೂಲಿ ಹೆಚ್ಚು, ಪೆಟ್ರೋಲ್ ಬೇರೆ, ಬ್ಲೇಡ್ ಕಲ್ಲಿಗೆ ಬಡಿದರೆ ರಿಪೇರಿ ಬೇರೆ. ಆಳಿನ ಕೂಲಿ ಏರಿದಷ್ಟೂ ಆ ಖರ್ಚೆಲ್ಲ ಹಗುರವಾಗಿ ಕಾಣುತ್ತದೆ. ಯಂತ್ರ ಹಿಡಿಯುವವರು ಹೆಚ್ಚಾಗಿ ಗಂಡಸರು. ಕತ್ತಿ ಹಿಡಿದು ಸಾಲಿನಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸರ ಎಪ್ಪತ್ತಕ್ಕೂ ಹೆಚ್ಚು ದಿನಗಳು ಅಲ್ಲಿಗೆ ಹೋದವು. ಯಾರನ್ನೂ ಕೆಲಸದಿಂದ ತೆಗೆದಿಲ್ಲ, ಆದ್ದರಿಂದ ಯಾವ ಲೆಕ್ಕದಲ್ಲೂ ಇದು ಕಾಣುವುದಿಲ್ಲ. ದಿನದ ಕೂಲಿ 450ರಿಂದ 550ಕ್ಕೆ ಏರಿ ಕೆಲಸದ ದಿನಗಳು 240ರಿಂದ 190ಕ್ಕೆ ಇಳಿದರೆ ವರ್ಷದ ಗಳಿಕೆ 1,08,000ದಿಂದ 1,04,500ಕ್ಕೆ ಇಳಿಯುತ್ತದೆ. ನನ್ನ ತಕರಾರು ಇಷ್ಟೇ: ಸರ್ಕಾರ ದಿನದ ದರ ಗೊತ್ತುಮಾಡುತ್ತದೆ, ಆದರೆ ಹೊಟ್ಟೆ ತುಂಬುವುದು ವರ್ಷದ ಗಳಿಕೆಯಿಂದ.

ನ್ಯೂಜೆರ್ಸಿಯ ಅಂಗಡಿ ಮತ್ತು ಕೊಡಗಿನ ನಾಪೋಕ್ಲುವಿನ ತೋಟ ಒಂದೇ ಅಲ್ಲ. ಕೂಲಿ ಏರಿದ ಮೇಲೆ ಅಲ್ಲಿ ತಿಂಡಿಯ ಬೆಲೆಯೂ ಏರಿದ್ದನ್ನು ಅದೇ ಅಧ್ಯಯನ ಕಂಡಿತ್ತು. ಗಿರಾಕಿ ಆ ಭಾರ ಹೊತ್ತ. ರೊಬಸ್ಟಾದ ಬೆಲೆ ಲಂಡನ್ನಿನಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ ನಿರ್ಧಾರವಾಗುತ್ತದೆ. ಇಲ್ಲಿ ಕೂಲಿ ಏರಿತೆಂದು ಚೆರಿ ಅಂದರೆ ಒಣಗಿಸಿದ ಕಾಫಿ ಹಣ್ಣಿನ 50 ಕೆಜಿ ಮೂಟೆಗೆ ಹತ್ತು ರೂಪಾಯಿ ಹೆಚ್ಚು ಕೇಳಲಾಗದು. ಇತ್ತೀಚೆಗೆ ರೊಬಸ್ಟಾ ಬೆಲೆ ಏರಿದ್ದು ನಿಜ, ಆ ಬೆಲೆಯಲ್ಲಿ ಕೂಲಿ ಕೊಡಲು ಯಾರಿಗೂ ಕಷ್ಟವಿಲ್ಲ. ಬೆಲೆ ಬಿದ್ದ ವರ್ಷವೂ ಏರಿದ ದರ ಹಾಗೆಯೇ ಇರುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರುತ್ತಾ ಹೋಗುತ್ತದೆ. ನೂರಾರು ಎಕರೆಯ ಕಂಪನಿ ಎಸ್ಟೇಟ್ ಅದನ್ನು ತಡೆದುಕೊಳ್ಳುತ್ತದೆ. ನಾಲ್ಕು ಎಕರೆಯ ಬೆಳೆಗಾರ ಮಾತ್ರ ಆ ವರ್ಷ ಅರೇಬಿಕಾದ ಕಾಂಡ ಉಜ್ಜಿಸುವುದನ್ನು, ಕೊರಕ ಬಿದ್ದ ಗಿಡ ಹುಡುಕಿ ಕೀಳಿಸುವುದನ್ನು ಕೈಬಿಡುತ್ತಾನೆ. ಎರಡು ವರ್ಷದಲ್ಲಿ ಬಿಳಿ ಕಾಂಡಕೊರಕ ಹುಳು ತೋಟ ತಿನ್ನುತ್ತದೆ. ಆಮೇಲೆ ಕುಯ್ಯಲು ಹಣ್ಣೂ ಇಲ್ಲ, ಕೂಲಿಯೂ ಇಲ್ಲ.

ಹಾಗಾಗಿ ದರವೊಂದನ್ನೇ ಎಳೆಯುವ ಬದಲು ಮೊದಲು ಬಿಡಿಸಬೇಕಾದದ್ದು ಮನೆ ಮತ್ತು ಕೆಲಸದ ಗಂಟು. ಲೈನ್ ಮನೆಯವರಿಗೆ ಊರಿನಲ್ಲಿ ಸ್ವಂತ ನಿವೇಶನ ಸಿಕ್ಕರೆ ಹೆಚ್ಚು ಕೊಡುವ ತೋಟಕ್ಕೆ ಅವರು ತಾವೇ ನಡೆದು ಹೋಗುತ್ತಾರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಆದಿವಾಸಿಗಳ ಹಾಡಿಗಳ ಪಕ್ಕದಲ್ಲೇ ಸರ್ಕಾರಿ ಉದ್ಯೋಗ ಖಾತರಿ ಕೆಲಸ ತೆರೆದಿರಲಿ. 2025-26ಕ್ಕೆ ರಾಜ್ಯದ ನರೇಗಾ ಕೂಲಿ 370 ರೂಪಾಯಿ ಇತ್ತು. ಮಳೆಯಲ್ಲಿ ಕೆಲಸವಿಲ್ಲದೆ ಕೂತವರಿಗೆ ಅದೊಂದು ನೆಲೆ, ತೋಟದವನು ಅದಕ್ಕಿಂತ ಕಡಿಮೆ ಹೇಳಲಾರ.