ಹಳೆ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ: ನಾವೇ ಹಾಕಿಕೊಳ್ಳಬೇಕೇ, ಅಂಗಡಿಗೆ ಕೊಡಬೇಕೇ?

ಪರ: ನಮ್ಮ ಯಂತ್ರ, ನಮ್ಮ ಕೈ

ಬೆಳಿಗ್ಗೆ ಲ್ಯಾಪ್‌ಟಾಪಿನ ಬಟನ್ ಒತ್ತಿ ಚಹಾಕ್ಕೆ ಇಡುತ್ತಿದ್ದೆ. ಚಹಾ ಕುದ್ದು, ಸೋಸಿ, ಲೋಟ ಹಿಡಿದು ಬಂದು ಕೂತರೂ ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. 2017ರಲ್ಲಿ ಅಣ್ಣನ ಎಂಜಿನಿಯರಿಂಗ್ ಓದಿಗೆಂದು ಅಪ್ಪ ಕೊಡಿಸಿದ ಯಂತ್ರ ಅದು. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಕೆಎಎಸ್‌ಗೆ ಓದುತ್ತಿರುವ ನನ್ನ ಪಾಲಿಗೆ ಬಂದಿದೆ. ಒಂದು ಪಿಡಿಎಫ್ ತೆರೆದರೆ ಬ್ರೌಸರ್ ಬೆಳ್ಳಗಾಗಿ ನಿಂತುಬಿಡುತ್ತಿತ್ತು. ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ ಪ್ರೊಸೆಸರ್ ಶೇ 15, ಡಿಸ್ಕ್ ಸದಾ ಶೇ 100.

ರೋಗ ಎಲ್ಲಿದೆ ಎಂದು ಆ ಎರಡು ಅಂಕಿಗಳೇ ಹೇಳುತ್ತವೆ. ಹಳೆಯ ಹಾರ್ಡ್ ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಓದುವ ತಲೆ ಸರಿಯಾದ ಗೆರೆಗೆ ಸರಿಯಬೇಕು, ಆಮೇಲೆ ಬೇಕಾದ ಜಾಗ ತನ್ನ ಕೆಳಗೆ ಬರುವವರೆಗೆ ಕಾಯಬೇಕು. ವಿಂಡೋಸ್ ಏಳುವಾಗ ಕೇಳುವುದು ಅಲ್ಲಿ ಇಲ್ಲಿ ಚದುರಿದ ಸಾವಿರಾರು ಸಣ್ಣ ಫೈಲುಗಳನ್ನು. ಆ ತಲೆ ಸೆಕೆಂಡಿಗೆ ಅಂಥ ನೂರನ್ನೂ ಮುಟ್ಟಲಾರದು. ಅದರ ಜಾಗದಲ್ಲಿ ಹಾಕುವ ಎಸ್‌ಎಸ್‌ಡಿ ಫೈಲುಗಳನ್ನು ಚಿಪ್ಪುಗಳಲ್ಲಿ ಇಡುತ್ತದೆ, ಅದರಲ್ಲಿ ತಿರುಗುವಂಥದ್ದು ಏನೂ ಇಲ್ಲ. ಅದೇ ಕೆಲಸಕ್ಕೆ ಅದಕ್ಕೆ ಬೇಕಾಗುವುದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ. ಪ್ರೊಸೆಸರ್ ಕೈಕಟ್ಟಿ ಕೂತಿರುವ ಯಂತ್ರವನ್ನು ಮುದಿಯಾಯಿತೆಂದು ಮಾರುವುದು ನನ್ನಿಂದ ಆಗಲಿಲ್ಲ.

ಸೋದರಮಾವನಿಗೆ ಹುಬ್ಬಳ್ಳಿಯಲ್ಲಿ ರಿಪೇರಿ ಅಂಗಡಿ ಇದೆ. "ತಂದು ಕೊಡವಾ, ಸಂಜೀಮುಂದ ಹಾಕಿ ಕೊಡ್ತೀನಿ" ಅಂದರು. ನಾನು ಕೊಡಲಿಲ್ಲ. ಮಾಮಾನ ಮೇಲೆ ಅಪನಂಬಿಕೆಯೇನಿಲ್ಲ. ಆದರೆ ಎಲ್ಲರಿಗೂ ಅಂಥ ಮಾಮಾ ಇರುವುದಿಲ್ಲ. ನಮ್ಮ ಓಣಿಯ ಗೆಳತಿಯೊಬ್ಬಳು ಬೇರೊಂದು ಅಂಗಡಿಯಲ್ಲಿ ಎಸ್‌ಎಸ್‌ಡಿ ಹಾಕಿಸಿದಾಗ ಹಳೆಯ ಡಿಸ್ಕ್ ಮರಳಿ ಬರಲೇ ಇಲ್ಲ. "ಅದು ಕೆಟ್ಟಿತ್ತು, ಒಗದ್ವಿ" ಎಂದರಂತೆ. ಅದರಲ್ಲಿ ಅವಳ ಅಕ್ಕನ ಮದುವೆಯ ಫೋಟೊಗಳಿದ್ದವು, ಮನೆಮಂದಿಯ ಆಧಾರ್ ಕಾರ್ಡು, ಪಾಸ್‌ಬುಕ್ಕುಗಳ ಸ್ಕ್ಯಾನ್ ಇದ್ದವು. ಎಲ್ಲಿ ಒಗೆದರು, ಯಾರ ಕೈಗೆ ಸಿಕ್ಕಿತು, ಯಾರಿಗೂ ಗೊತ್ತಿಲ್ಲ. ನನ್ನ ಬದುಕಿನ ಕಾಗದಪತ್ರವೆಲ್ಲ ಇರುವ ವಸ್ತುವನ್ನು ಬಿಚ್ಚುವವರು ಯಾರು ಎಂಬುದು ನನಗೆ ದುಡ್ಡಿಗಿಂತ ದೊಡ್ಡ ಪ್ರಶ್ನೆ.

ಕೊಳ್ಳುವ ಮೊದಲು ನಾನು ಮಾಡಿದ್ದು ಒಂದೇ: ನನ್ನ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಓದಿದ್ದು. ತಯಾರಕರ ಜಾಲತಾಣದಲ್ಲಿ ಅದು ಪುಕ್ಕಟೆ ಸಿಗುತ್ತದೆ. ನನ್ನದರಲ್ಲಿ ಎರಡೂವರೆ ಇಂಚಿನ ಸಾಟಾ ಜಾಗ ಒಂದೇ ಇತ್ತು. ಸಾಟಾ ಎಂದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಹಳೆಯ ಬಗೆ, ಸೆಕೆಂಡಿಗೆ ಸುಮಾರು 550 ಎಂಬಿ ಅದರ ಗಡಿ. ಅದರಾಚೆ ಓಡುವುದಕ್ಕೆ ದುಡ್ಡು ಸುರಿದು ಫಲವಿಲ್ಲ. ಎಂ.2 ಸ್ಲಾಟ್ ಇರುವವರು ಇನ್ನೂ ಹುಷಾರಾಗಿರಬೇಕು. ಬಬಲ್‌ಗಮ್ ಪಟ್ಟಿಯಂಥ ಆ ಹಲಗೆಯಲ್ಲಿ ಸಾಟಾ ಜಾತಿಯದೂ ಇದೆ, ಅದಕ್ಕಿಂತ ವೇಗದ ಎನ್‌ವಿಎಂಇ ಜಾತಿಯದೂ ಇದೆ. ಒಂದನ್ನು ಮಾತ್ರ ಒಪ್ಪುವ ಸ್ಲಾಟಿನಲ್ಲಿ ಇನ್ನೊಂದು ಕೂತರೂ ಕಾಣಿಸುವುದಿಲ್ಲ. ಉದ್ದವೂ ಬೇರೆ ಬೇರೆ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2242ರ ಜಾಗದಲ್ಲಿ ಅದು ಹಿಡಿಸದು.

ಅಗ್ಗದ ಎಸ್‌ಎಸ್‌ಡಿ ಬೇಗ ಸವೆದು ಹೋಗುತ್ತದೆ ಎಂದು ಹೆದರಿಸಿದವರಿದ್ದರು. ಕಿಂಗ್‌ಸ್ಟನ್ ಎ400ರಂಥ ಸಾದಾ ಮಾಡೆಲ್‌ನ 480 ಜಿಬಿ ಡಿಸ್ಕಿಗೂ ಕಂಪನಿ 160 ಟಿಬಿ ಬರಹದ ಬಾಳಿಕೆ ಹೇಳುತ್ತದೆ. ದಿನಕ್ಕೆ 20 ಜಿಬಿ ಬರೆದರೂ 8,000 ದಿನ, ಇಪ್ಪತ್ತು ವರ್ಷಕ್ಕೂ ಮಿಕ್ಕಿ. ನಾನು ದಿನಕ್ಕೆ ಅದರ ಅರ್ಧವೂ ಬರೆಯುವುದಿಲ್ಲ. 1 ಟಿಬಿಯ ಹಳೆಯ ಡಿಸ್ಕಿನಲ್ಲಿ ನಾನು ತುಂಬಿಸಿದ್ದೂ 200 ಜಿಬಿಯಷ್ಟೇ. 2024ರ ದಸರೆ ಹೊತ್ತಿಗೆ 480 ಜಿಬಿಯದನ್ನು ಮೂರು ಸಾವಿರದೊಳಗೆ ತಂದೆ.

ಬಿಚ್ಚುವ ಹಿಂದಿನ ರಾತ್ರಿ ಎಲ್ಲ ಫೈಲುಗಳನ್ನು ಅಣ್ಣನ ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿ, ಹತ್ತಾರನ್ನು ತೆರೆದು ನೋಡಿದೆ. ಬೆಳಿಗ್ಗೆ ಬ್ಯಾಟರಿ ತೆಗೆದು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಉಳಿದ ವಿದ್ಯುತ್ ಇಳಿಸಿದೆ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದರ ತೂತಿಗೆ ತಿರುಗಿಸಿದರೆ ಮೇಲಿನ ಹೊದಿಕೆಗೇ ಚುಚ್ಚುತ್ತದೆ. ಅವ್ವ ಕೊಟ್ಟು ಕಳಿಸಿದ ಮಸಾಲಿ ಡಬ್ಬಿ ತೊಳೆದು, ಹಿಂದಿನ ಸಾಲಿನವು ಒಂದು ಬಟ್ಟಲಿಗೆ, ಮುಂದಿನವು ಇನ್ನೊಂದಕ್ಕೆ, ನಡುವಿನವು ಮತ್ತೊಂದಕ್ಕೆ ಹಾಕಿದೆ. ಡಿಸ್ಕಿನ ಚೌಕಟ್ಟಿಗೆ ನಾಲ್ಕು ಸ್ಕ್ರೂ. ಹಳೆಯದನ್ನು ಅಡ್ಡಕ್ಕೆ ಎಳೆದರೆ ಬಂತು, ಹೊಸದನ್ನು ಅದೇ ದಾರಿಯಲ್ಲಿ ತಳ್ಳಿದರೆ ಕೂತಿತು. ಅರ್ಧ ತಾಸಿನ ಕೆಲಸ.

ಪೆನ್‌ಡ್ರೈವ್‌ನಿಂದ ವಿಂಡೋಸ್ 10 ಹೊಸದಾಗಿ ಹಾಕಿದೆ. ಲೈಸೆನ್ಸ್ ಮದರ್‌ಬೋರ್ಡಿನ ಗುರುತಿಗೆ ಸೇರಿಕೊಂಡಿರುವುದರಿಂದ ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಯಿತು. ಈಗ ಚಹಾದ ನೀರು ಬಿಸಿಯಾಗುವ ಮೊದಲೇ ಯಂತ್ರ ಎದ್ದು ಕೂತಿರುತ್ತದೆ. ಹಳೆಯ ಡಿಸ್ಕ್ ಯುಎಸ್‌ಬಿ ಕವಚದೊಳಗೆ ನನ್ನ ಕಪಾಟಿನಲ್ಲೇ ಇದೆ. ಅದಾದ ಮೇಲೆ ಕೋಣೆಯ ಇಬ್ಬರು ಹುಡುಗಿಯರು ನನ್ನಿಂದ ಕೇಳಿಕೊಂಡು ತಮ್ಮ ಯಂತ್ರಗಳನ್ನು ತಾವೇ ಬಿಚ್ಚಿದ್ದಾರೆ. ನನಗೆ ಅದು ಹೆಮ್ಮೆಯ ಸಂಗತಿ.

ವಿರೋಧ: ಸ್ಕ್ರೂ ಬಿಚ್ಚುವುದು ಕೆಲಸದ ಕೊನೆಯ ಭಾಗ

ಅಕ್ಕನ ಮಗಳು ಬರೆದದ್ದರಲ್ಲಿ ಸುಳ್ಳಿಲ್ಲ. ಮ್ಯಾನುಯಲ್ ಓದಿದಳು, ನಕಲು ತೆಗೆದಳು, ತೆಗೆದ ನಕಲನ್ನು ತೆರೆದು ನೋಡಿದಳು. ಆದರೆ ನನ್ನ ಮೇಜಿಗೆ ಬರುವ ಹತ್ತು ಮಂದಿಯಲ್ಲಿ ಆ ಮೂರನ್ನೂ ಮಾಡಿದವರು ಒಬ್ಬರು ಸಿಕ್ಕರೆ ಹೆಚ್ಚು. ಉಳಿದವರು ವಿಡಿಯೊ ನೋಡಿ ಸ್ಕ್ರೂಡ್ರೈವರ್ ಹಿಡಿದವರು.

ಅವಳ ಯಂತ್ರ ಹಳೆಯ ಮಾದರಿಯದು, ಬ್ಯಾಟರಿ ಹೊರಗಿನಿಂದಲೇ ಕಳಚುತ್ತದೆ. ಈಚಿನ ತೆಳು ಯಂತ್ರಗಳಲ್ಲಿ ಬ್ಯಾಟರಿ ಒಳಗಿದೆ. ಕೆಳಗಿನ ಹೊದಿಕೆ ಎಬ್ಬಿಸಿದ ಮೇಲೆ ಮೊದಲು ಅದರ ಕನೆಕ್ಟರ್ ಬಿಡಿಸಬೇಕು. ಅದನ್ನು ಬಿಡಿಸದೆ ಕಬ್ಬಿಣದ ಮೊನೆ ಒಳಗೆ ಆಡಿಸಿದರೆ ಮದರ್‌ಬೋರ್ಡೇ ಸುಟ್ಟೀತು. ರಿಬ್ಬನ್ ಕೇಬಲ್ಲಿನ ಬೀಗ ಉಗುರಿಗಿಂತ ಸಣ್ಣದು, ಮೇಲಕ್ಕೆ ಎತ್ತುವುದೋ ಪಕ್ಕಕ್ಕೆ ಸರಿಸುವುದೋ ತಿಳಿಯದೆ ಮುರಿದು ತರುತ್ತಾರೆ. ಇನ್ನು ಬ್ಯಾಟರಿ ಉಬ್ಬಿದ್ದರೆ ಅದನ್ನು ಮನೆಯಲ್ಲಿ ಮುಟ್ಟಲೇಬಾರದು. ಟಚ್‌ಪ್ಯಾಡ್ ಮೇಲೆದ್ದಿರುವುದು ಉಬ್ಬಿನ ಗುರುತು ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ನವಲಗುಂದ, ಗದಗ ಕಡೆಯಿಂದ ಬರುವ ಯಂತ್ರ ತೆರೆದರೆ ಫ್ಯಾನಿನ ಹಿಂದೆ ಎರೆಮಣ್ಣಿನ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿರುತ್ತದೆ. ಒಮ್ಮೆ ತೆರೆದಾಗ ಅದನ್ನೂ ತೆಗೆದು ಕೊಡುತ್ತೇನೆ.

ಇವೆಲ್ಲ ಸರಿಪಡಿಸಬಹುದಾದ ಹಾನಿ. ನನ್ನ ನಿದ್ದೆ ಕೆಡಿಸುವುದು ಫೈಲು. ಒಂದು ಡಿಸ್ಕಿನ ಪಡಿಯಚ್ಚನ್ನು ಇನ್ನೊಂದಕ್ಕೆ ಇಳಿಸುವ ಕ್ಲೋನಿಂಗ್‌ನಲ್ಲಿ ಎಲ್ಲಿಂದ, ಎಲ್ಲಿಗೆ ಎಂದು ಎರಡು ಪ್ರಶ್ನೆ ಬರುತ್ತವೆ. ಅದಲುಬದಲಾದರೆ ಖಾಲಿ ಡಿಸ್ಕಿನ ಪಡಿಯಚ್ಚು ತುಂಬಿದ ಡಿಸ್ಕಿನ ಮೇಲೆ ಬೀಳುತ್ತದೆ. ಹಾಗೆ ಮೇಲೆ ಬರೆದದ್ದನ್ನು ಯಾವ ಸಾಫ್ಟ್‌ವೇರೂ ಮರಳಿ ತರದು. ಹಳೆಯ ಡಿಸ್ಕ್ ಸಾಯುವ ಹಂತದಲ್ಲಿದ್ದರೆ ಕ್ಲೋನಿಂಗ್ ಅದರ ಕೊನೆಯ ಉಸಿರನ್ನೂ ತೆಗೆಯುತ್ತದೆ. ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್‌ಫೊ ಎಂಬ ಸಾಫ್ಟ್‌ವೇರ್ ಹಾಕಿ ಸಿ5 ಸಾಲು ನೋಡುತ್ತೇನೆ. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕ ಅದು. ಅಲ್ಲಿ ಅಂಕಿ ಏರಿದ್ದರೆ ಕ್ಲೋನಿಂಗ್ ಮಾತೇ ಇಲ್ಲ. ಮುಖ್ಯವಾದ ಫೋಲ್ಡರುಗಳನ್ನು ಒಂದೊಂದಾಗಿ ಹೊರಗೆ ಎಳೆಯುತ್ತೇನೆ. 2017ರ ಡಿಸ್ಕನ್ನು ಕವಚಕ್ಕೆ ಹಾಕಿ ಬ್ಯಾಕಪ್ ಅಂತ ಇಟ್ಟುಕೊಂಡಿರುವ ಅಕ್ಕನ ಮಗಳಿಗೂ ಅದನ್ನೇ ಹೇಳಿದ್ದೇನೆ: ಯವ್ವಾ, ಅದೊಂದನ್ನೇ ನಂಬಬ್ಯಾಡ. ಎಸ್‌ಎಸ್‌ಡಿ ಹೋಗುವುದು ಸದ್ದಿಲ್ಲದೆ, ಹಲವು ಸಲ ಒಂದೇ ದಿನದಲ್ಲಿ. ಅದರಲ್ಲಿ ಅಳಿಸಿದ ಫೈಲಿನ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಒರೆಸಿಬಿಡುವುದರಿಂದ ಹಾರ್ಡ್ ಡಿಸ್ಕಿನ ಹಾಗೆ ಮರಳಿ ಹುಡುಕುವುದೂ ಕಷ್ಟ.

ಇನ್ನೊಂದು ಮಾತನ್ನು ಅವಳು ಬರೆದೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಸುರಕ್ಷತೆಯ ಅಪ್‌ಡೇಟುಗಳು, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚೆಯ ಪ್ರೊಸೆಸರುಗಳನ್ನು. ಅವಳದು 7ನೆಯದು. ಎಸ್‌ಎಸ್‌ಡಿ ವೇಗ ಕೊಡುತ್ತದೆ, ಯಂತ್ರದ ಆಯುಷ್ಯದ ಈ ಲೆಕ್ಕವನ್ನು ಬದಲಿಸದು. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರೆ ಅದೇ ಯಂತ್ರ ಇನ್ನೂ ಹಲವು ವರ್ಷ ಬಾಳುತ್ತದೆ, ನಾನೇ ಹಾಕಿಕೊಡುತ್ತೇನೆ. ಆದರೆ ದುಡ್ಡು ಹಾಕುವ ಮೊದಲು ಇದನ್ನು ಯಾರಾದರೂ ಕೂತು ಹೇಳಬೇಕು. ಕೆಲವು ಯಂತ್ರಗಳಲ್ಲಿ ಡಿಸ್ಕಿನ ಬದಲು ಫೈಲು ಇಡುವ ಇಎಂಎಂಸಿ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬೇರೆ ಸ್ಲಾಟೇ ಇರುವುದಿಲ್ಲ. ಎಸ್‌ಎಸ್‌ಡಿ ಕೊಂಡು ತಂದ ಮೇಲೆ ಅದು ತಿಳಿದವರೂ ಬಂದಿದ್ದಾರೆ.

ಹಳೆಯ ಡಿಸ್ಕ್ ಮರಳಿ ಕೊಡದ ಅಂಗಡಿಯ ಬಗ್ಗೆ ಅವಳ ಸಿಟ್ಟು ನ್ಯಾಯವಾದದ್ದು, ನನಗೂ ಇದೆ. ಕೆಟ್ಟಿದ್ದರೂ ಡಿಸ್ಕ್ ಗಿರಾಕಿಯದು. ಕೊಡುವ ಮೊದಲೇ ಅದರ ಸೀರಿಯಲ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ, ಕೆಲಸ ನಿಮ್ಮ ಕಣ್ಣೆದುರೇ ಆಗಲಿ ಎಂದು ಕೇಳಿ. ಒಲ್ಲೆ ಎಂದರೆ ಎದ್ದು ಬನ್ನಿ.

ಅವಳು ಹೆಮ್ಮೆಯಿಂದ ಬರೆದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಕಳೆದ ತಿಂಗಳು ಚಿಗರಿ ಬಸ್ ಹತ್ತಿ ನನ್ನ ಅಂಗಡಿಗೆ ಬಂದಳು. ಅವಳದು ವಿಂಡೋಸ್ 11ರ ಯಂತ್ರ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕಾಗ ಅಂಥ ಯಂತ್ರಗಳಲ್ಲಿ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿ ಮಾಡುವ ಬಿಟ್‌ಲಾಕರ್ ಬೀಗ ಹಲವು ಸಲ ತಾನೇ ಬೀಳುತ್ತದೆ, ಬಳಸುವವರಿಗೆ ಅದರ ಸುಳಿವೂ ಇರುವುದಿಲ್ಲ. ಇವಳು ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಯಂತ್ರದ ಮೂಲ ಸೆಟ್ಟಿಂಗುಗಳ ಪರದೆಯಾದ ಬಯಾಸ್‌ಗೆ ಹೋಗಿ, ಸಿಕ್ಕಿದ್ದೆಲ್ಲ ಒತ್ತುತ್ತ, ಆ ಬೀಗದ ಕೀಲಿ ಕಾಯುವ ಟಿಪಿಎಂ ಚಿಪ್ಪನ್ನು ಅಳಿಸಿದ್ದಳು. ಈಗ ಹಳೆಯ ಎಸ್‌ಎಸ್‌ಡಿಯನ್ನು ಅದೇ ಯಂತ್ರಕ್ಕೆ ಮರಳಿ ಹಾಕಿದರೂ 48 ಅಂಕಿಗಳ ರಿಕವರಿ ಕೀ ಕೇಳುತ್ತಿದೆ. ಆ ಕೀ ಅವಳ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರಬೇಕು. ಖಾತೆ ತೆರೆದದ್ದು ಯಾವ ಇ-ಮೇಲ್‌ನಿಂದ ಎಂಬುದು ಅವಳಿಗೆ ನೆನಪಿಲ್ಲ. ಎರಡು ವರ್ಷದ ನೋಟ್ಸ್ ಅದರಲ್ಲಿದೆ. ಒಂದೊಂದೇ ಹಳೆಯ ವಿಳಾಸ ನೆನಪಾದಾಗ ಫೋನ್ ಮಾಡುತ್ತಾಳೆ, ನಾನು ಹಾಕಿ ನೋಡುತ್ತೇನೆ. ನಿನ್ನೆ ಆರನೆಯದನ್ನು ನೋಡಿದೆವು.