ಜನರೇಟರ್ ಸದ್ದನ್ನು ಲೈನ್ ಮನೆಗಳ ಕಡೆ ತಳ್ಳಬೇಡಿ

ಮಲೆನಾಡಿನಲ್ಲಿ ಮಳೆ ಹಿಡಿಯಿತು ಅಂದರೆ ಕರೆಂಟು ಹೋಯಿತು ಅಂತಲೇ ಲೆಕ್ಕ. ಲೈನ್ ಮೇಲೆ ಮರ ಬೀಳುತ್ತದೆ, ಕಂಬ ವಾಲುತ್ತದೆ. ಸರಿಮಾಡಲು ಬರುವವರೂ ಅದೇ ಮಳೆಯಲ್ಲಿ ನೆನೆದುಕೊಂಡೇ ಬರಬೇಕು. ಹಾಗಾಗಿ ಮೂಡಿಗೆರೆ, ಕೊಟ್ಟಿಗೆಹಾರ, ಆಲ್ದೂರು ಕಡೆಯ ಹೋಂಸ್ಟೇಯವರು ಡೀಸೆಲ್ ಜನರೇಟರ್ ಇಟ್ಟುಕೊಳ್ಳುವುದರ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಎಲ್ಲಿ ಇಡುತ್ತಾರೆ, ಹೇಗೆ ಇಡುತ್ತಾರೆ ಅನ್ನುವುದರ ಬಗ್ಗೆ ಇದೆ.

ನಾನು ಚಿಕ್ಕಮಗಳೂರಿನ ತೋಟಗಳಲ್ಲಿ ಪಂಪ್‌ಸೆಟ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಜನರೇಟರ್ ರಿಪೇರಿ ಮಾಡುವವನು. ಎಷ್ಟೋ ಕಡೆ ನೋಡಿದ್ದೇನೆ, ಗೆಸ್ಟ್‌ಗಳಿಗೆ ಸದ್ದು ಕೇಳಬಾರದು ಅಂತ ಜನರೇಟರನ್ನು ದೂರ ಒಯ್ದು ಇಟ್ಟಿರುತ್ತಾರೆ. ದೂರ ಅಂದರೆ ಎಲ್ಲಿ? ತೋಟದ ಕೆಲಸದವರು ಇರುವ ಸಾಲು ಮನೆಗಳ, ಅಂದರೆ ಲೈನ್ ಮನೆಗಳ ಪಕ್ಕ. "ಅದು ನಿಲ್ಲೋ ತನಕ ಮಗು ಮಲಗಲ್ಲ ಅಣ್ಣ, ಬೆಳಿಗ್ಗೆ ನಾನು ಕೆಲ್ಸಕ್ಕೆ ಹೋಗ್ಬೇಕು" ಅಂತ ಒಬ್ಬ ತಾಯಿ ಹೇಳಿದ್ದು ನನಗೆ ಇನ್ನೂ ಮರೆತಿಲ್ಲ. ಸದ್ದು ಕಡಿಮೆ ಆಗಲಿಲ್ಲ. ಎದುರು ಮಾತಾಡಲು ಆಗದವರ ಪಾಲಿಗೆ ಹೋಯಿತು ಅಷ್ಟೇ.

"ಡೀಸೆಲ್ ಇಂಜಿನ್ ಅಂದ್ಮೇಲೆ ಸದ್ದು ಇರುತ್ತೆ, ಏನ್ ಮಾಡೋಕಾಗುತ್ತೆ?" ಅನ್ನುವವರಿಗೆ ನಾನು ಹಾಯಿದೋಣಿಗಳ ಕಥೆ ಹೇಳುತ್ತೇನೆ. ತಿಂಗಳುಗಟ್ಟಲೆ ಸಮುದ್ರದಲ್ಲೇ ಸಂಸಾರ ಮಾಡುವವರಿದ್ದಾರೆ. ನಲವತ್ತು ಅಡಿ ದೋಣಿಯೊಳಗೆ ಅಡುಗೆ, ಹಾಸಿಗೆ, ಜೊತೆಗೆ ಡೀಸೆಲ್ ಜನರೇಟರ್. ಮಲಗುವ ಜಾಗಕ್ಕೂ ಇಂಜಿನ್ನಿಗೂ ನಡುವೆ ಒಂದು ಹಲಗೆ ಗೋಡೆ ಇದ್ದರೆ ಹೆಚ್ಚು. ಅವರು ಜನರೇಟರನ್ನು ಮೆತ್ತನೆಯ ರಬ್ಬರ್ ಮೌಂಟ್ ಮೇಲೆ ಕೂರಿಸುತ್ತಾರೆ. ಸುತ್ತ ಭಾರದ ಪದರ ಇರುವ ಪೆಟ್ಟಿಗೆ ಮುಚ್ಚುತ್ತಾರೆ. ಹೊಗೆಗೆ ಸಮುದ್ರದ ನೀರು ಬೆರೆಸಿ, ತಣ್ಣಗೆ ಮಾಡಿ, ಆಮೇಲೆ ಹೊರಗೆ ಬಿಡುತ್ತಾರೆ. ಆ ನೀರು ಪೈಪಿನಿಂದ ಬೀಳುವ ಸದ್ದು ಕೂಡ ಪಕ್ಕದ ದೋಣಿಗೆ ಕೇಳಬಾರದು ಅಂತ ಕೆಲವರು ನೀರು, ಹೊಗೆ ಎರಡನ್ನೂ ಬೇರೆ ಮಾಡಿ, ನೀರನ್ನು ಸಮುದ್ರದ ಮಟ್ಟದ ಕೆಳಗೇ ಬಿಡುತ್ತಾರೆ. ಅಷ್ಟು ಇಕ್ಕಟ್ಟಿನಲ್ಲಿ ಅವರಿಗೆ ಸಾಧ್ಯವಾದರೆ ಎಕರೆಗಟ್ಟಲೆ ತೋಟ ಇರುವ ನಮಗೆ ಯಾಕೆ ಆಗಲ್ಲ?

ಸದ್ದು ಗಾಳಿಯಲ್ಲಿ ಮಾತ್ರ ಬರುವುದಿಲ್ಲ. ಹೊಗೆ ಪೈಪಿನಿಂದ ಬರುತ್ತದೆ, ನೆಲ, ಗೋಡೆ ಹಿಡಿದೂ ಬರುತ್ತದೆ. ಈ ಕೊನೆಯದನ್ನೇ ಎಲ್ಲರೂ ಮರೆಯುವುದು. ಒಂದು ಮನೆಯಲ್ಲಿ ಅಡುಗೆಮನೆಯ ಸ್ಟೀಲ್ ಸ್ಟ್ಯಾಂಡಿನ ತಟ್ಟೆಗಳು ಗಿಜಿಗಿಜಿ ಅನ್ನುತ್ತಿದ್ದವು. ಸೈಲೆನ್ಸರ್ ಬದಲಾಯಿಸಿದ್ದರು, ಏನೂ ಪ್ರಯೋಜನ ಆಗಿರಲಿಲ್ಲ. ಹಿಂದೆ ಹೋಗಿ ನೋಡಿದರೆ ಹೊಗೆ ಪೈಪನ್ನು ಕಬ್ಬಿಣದ ಕ್ಲ್ಯಾಂಪ್ ಹಾಕಿ ಅಡುಗೆಮನೆ ಗೋಡೆಗೇ ಬಿಗಿದಿದ್ದರು. ಗೋಡೆ ಮೇಲೆ ಅಂಗೈ ಇಟ್ಟರೆ ಇಂಜಿನ್ ಓಡುವುದು ಗೊತ್ತಾಗುತ್ತಿತ್ತು. ಇಂಜಿನ್ ಹತ್ತಿರ ಪೈಪು ಕತ್ತರಿಸಿ, ನಡುಕ ಮುಂದಕ್ಕೆ ಹೋಗದ ಹಾಗೆ ಬಾಗುವ ಬೆಲ್ಲೋಸ್ ಪೈಪು ಹಾಕಿದೆವು. ಗೋಡೆಯ ಕ್ಲ್ಯಾಂಪ್ ಬಿಚ್ಚಿ, ಪೈಪಿಗೆ ಬೇರೆಯೇ ಕಂಬ ನೆಟ್ಟೆವು. ತಟ್ಟೆಗಳು ಸುಮ್ಮನಾದವು.

ಇನ್ನು ಶೆಡ್ಡು. ಬರೀ ತಗಡಿನ ಶೆಡ್ಡು ಸದ್ದನ್ನು ಹೆಚ್ಚು ತಡೆಯುವುದಿಲ್ಲ, ತಾನೇ ನಡುಗುತ್ತದೆ. ಥರ್ಮಾಕೋಲ್, ಮೊಟ್ಟೆ ಟ್ರೇ ಅಂಟಿಸುವುದು ದುಡ್ಡು ದಂಡ. ಸದ್ದನ್ನು ತಡೆಯುವುದು ಭಾರ. ಸಿಮೆಂಟ್ ಬ್ಲಾಕ್ ಗೋಡೆ ಕಟ್ಟಿ, ಒಳಗೆ ಗ್ಲಾಸ್‌ವೂಲ್ (ಗಾಜಿನ ಎಳೆಗಳ ಹತ್ತಿಯಂಥ ಹಾಸು) ಹಾಕಿ, ದಪ್ಪ ಬಾಗಿಲಿಗೆ ರಬ್ಬರ್ ಬೀಡಿಂಗ್ ಕೊಡಿ. ಸಂದು ಬಿಡಬೇಡಿ. ಗೋಡೆಯ ನೂರರಲ್ಲಿ ಒಂದು ಭಾಗ ತೆರೆದಿದ್ದರೂ ಸಾಕು, ಗೋಡೆ ಎಷ್ಟೇ ದಪ್ಪ ಇರಲಿ, 20 ಡೆಸಿಬಲ್‌ಗಿಂತ (ಡೆಸಿಬಲ್ ಅಂದರೆ ಸದ್ದಿನ ಅಳತೆ) ಜಾಸ್ತಿ ತಡೆಯಲಾರದು. ಹಾಗಂತ ಪೂರ್ತಿ ಮುಚ್ಚಿದರೆ ಇಂಜಿನ್ ಹೀಟ್ ಆಗಿ ಸೀಜ್ ಆಗುತ್ತದೆ. ಗಾಳಿ ಬರಲು ಒಂದು, ಬಿಸಿ ಗಾಳಿ ಹೋಗಲು ಒಂದು ದಾರಿ ಬೇಕೇ ಬೇಕು. ಆ ದಾರಿಗಳನ್ನು ಅಗಲವಾಗಿ ಮಾಡಿ, ಎರಡು ತಿರುವು ಕೊಟ್ಟು, ಒಳಗೆ ಗ್ಲಾಸ್‌ವೂಲ್ ಹೊದಿಸಬೇಕು. ಗಾಳಿ ತಿರುಗಿ ಹೋಗುತ್ತದೆ, ಸದ್ದು ಬಹುಪಾಲು ಅಲ್ಲೇ ಅಡಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸದ್ದು ಹೊರಗೆ ಹೋಗಬಾರದು ಅಂತ ಜನರೇಟರನ್ನು ಮನೆಯ ಕೋಣೆಯಲ್ಲೋ ಜಗಲಿಯಲ್ಲೋ ಇಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ.

ಕಾನೂನೂ ಇದೆ. 2005ರ ಜನವರಿಯಿಂದೀಚೆಗೆ ತಯಾರಾದ 1000 ಕೆವಿಎ ಸಾಮರ್ಥ್ಯದವರೆಗಿನ ಡೀಸೆಲ್ ಜನರೇಟರ್‌ಗಳ ಸದ್ದು, ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರುವಂತಿಲ್ಲ. ವಾಸದ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಬಯಲಲ್ಲಿ ದೂರ ದುಪ್ಪಟ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ ನಿಜ. ಆದರೆ ಜನವರಿಯ ತಣ್ಣನೆ ರಾತ್ರಿಯಲ್ಲಿ ಕಣಿವೆಯ ತಳದಲ್ಲಿ ತಂಪು ಗಾಳಿ ಕೂತಿರುತ್ತದೆ. ಮೇಲೆ ಹೋಗಬೇಕಾದ ಸದ್ದು ಬಾಗಿ ಕೆಳಗೇ ಬರುತ್ತದೆ. ಆಚೆ ಗುಡ್ಡದ ಜನರೇಟರ್ ಇಲ್ಲೇ ಹಿತ್ತಲಲ್ಲಿ ಓಡಿದ ಹಾಗೆ ಕೇಳುವುದು ಅದಕ್ಕೇ.

ಹೊಸದಾಗಿ ಕೊಳ್ಳುವವರು 3000 ಆರ್‌ಪಿಎಂನದ್ದು, ಅಂದರೆ ನಿಮಿಷಕ್ಕೆ 3000 ಸುತ್ತು ತಿರುಗುವುದು, ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. 1500ರದ್ದು ದುಬಾರಿ, ಆದರೆ ಸದ್ದು ಕಡಿಮೆ, ಬಾಳಿಕೆಯೂ ಜಾಸ್ತಿ. ಇನ್ನೊಂದು ಉಪಾಯವನ್ನೂ ದೋಣಿಯವರಿಂದಲೇ ಕಲಿಯಬಹುದು. ಅವರು ರಾತ್ರಿಯಿಡೀ ಜನರೇಟರ್ ಓಡಿಸುವುದಿಲ್ಲ. ಒಂದೆರಡು ಗಂಟೆ ಓಡಿಸಿ ಬ್ಯಾಟರಿ ತುಂಬಿಸಿಕೊಂಡು ಆರಿಸುತ್ತಾರೆ. ಲೈಟು, ಫ್ಯಾನು, ಮೊಬೈಲ್ ಚಾರ್ಜಿಗೆ ನಮ್ಮ ಹೋಂಸ್ಟೇಗಳಿಗೂ ಇನ್ವರ್ಟರ್ ಸಾಕು. ಗೀಸರ್, ನೀರಿನ ಮೋಟರ್ ಎಲ್ಲ ಸಂಜೆ ಜನರೇಟರ್ ಓಡುವಾಗಲೇ ಮುಗಿಸಿಕೊಳ್ಳಿ. ಲೆಕ್ಕ ಹಾಕಿ ನೋಡಿ, ಡೀಸೆಲ್ಲೂ ಉಳಿಯುತ್ತದೆ. ಇನ್ವರ್ಟರ್‌ಗೆ ಬ್ಯಾಟರಿ ಎಷ್ಟು ಬೇಕು ಅಂತ ತಿಳಿಯದಿದ್ದರೆ ಏನೇನು ಓಡಿಸಬೇಕು ಅನ್ನುವ ನಿಮ್ಮ ಲೋಡ್ ಪಟ್ಟಿ ಕಾಮೆಂಟ್‌ನಲ್ಲಿ ಹಾಕಿ, ನಾನು ಹೇಳುತ್ತೇನೆ. ಲೈನ್ ಮನೆಗಳ ಲೈಟು, ಫ್ಯಾನನ್ನೂ ಆ ಪಟ್ಟಿಯಲ್ಲಿ ಸೇರಿಸಿ.