ಕಾರು ನಮ್ಮದು, ಸ್ಟಾರ್ಟ್ ಮಾಡೋಕೂ ಚಂದಾನಾ?

ಈಗಷ್ಟೇ ಮದುವೆ ಮುಗಿಸಿ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಕಲಬುರಗಿಯ ಮೇ ತಿಂಗಳ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಿಲ್ಲ. ಮಂಟಪದ ಬಯಲಲ್ಲಿ ಮೂರು ತಾಸು ನಿಂತಿದ್ದ ತಮ್ಮನ ಕಾರಿನ ಬಾಗಿಲು ಮುಟ್ಟಿ ಅವ್ವ ಕೈ ಹಿಂದಕ್ಕೆಳೆದುಕೊಂಡಳು. "ಒಳಗ ಒಲಿ ಹಚ್ಚಿದಂಗ ಅದ" ಅಂದಳು. ದೂರದಿಂದಲೇ ಕಾರು ಸ್ಟಾರ್ಟ್ ಮಾಡಿ ಎಸಿ ಹಾಕಿಡೋಣ ಅಂತ ತಮ್ಮ ಊಟದ ಹಾಲ್‌ನಿಂದಲೇ ಫೋನಿನ ಆ್ಯಪ್ ಒತ್ತುತ್ತಿದ್ದ. ಕೊನೆಗೆ ಬಂದ ಉತ್ತರ: ಉಚಿತ ಅವಧಿ ಮುಗಿದಿದೆ, ಚಂದಾ ಕಟ್ಟಿ. ಇದೇ ಸೌಲಭ್ಯಕ್ಕೆಂದು ಹೆಚ್ಚು ದುಡ್ಡು ಕೊಟ್ಟು ಮೇಲಿನ ಮಾಡೆಲ್ ಕೊಂಡವನು ಅವನು.

ನನ್ನ ಕಾರಿನದು ಕೀಯಲ್ಲೇ ಇರುವ ಗುಂಡಿ. ಲಾಕ್ ಒತ್ತಿ, ಆಮೇಲೆ ಸ್ಟಾರ್ಟ್ ಗುಂಡಿಯನ್ನು ಕೆಲವು ಸೆಕೆಂಡು ಹಿಡಿದರೆ ಆಯ್ತು. ಅವ್ವನನ್ನು ಬೇವಿನ ನೆರಳಲ್ಲಿ ಐದು ನಿಮಿಷ ನಿಲ್ಲಿಸಿ, ಅದರಲ್ಲೇ ಕೂರಿಸಿಕೊಂಡು ಬಂದೆ.

ಕೀಯ ರೇಡಿಯೊ ಸಂಕೇತ ನೇರ ಕಾರಿಗೆ ಹೋಗುತ್ತದೆ. ಆ್ಯಪ್‌ನದು ಸುತ್ತುಬಳಸಿನ ದಾರಿ: ಫೋನಿನಿಂದ ಕಂಪನಿಯ ಸರ್ವರ್‌ಗೆ, ಅಲ್ಲಿಂದ ಮೊಬೈಲ್ ಟವರ್‌ಗೆ, ಆಮೇಲೆ ಕಾರಿನೊಳಗಿನ ಸಿಮ್‌ಗೆ. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಇಲ್ಲವೋ, ಮುಗೀತು. ಅಮೆರಿಕದಲ್ಲಿ 2022ರಲ್ಲಿ ಹಳೇ 3ಜಿ ಮೊಬೈಲ್ ಜಾಲ ನಿಂತಾಗ ಎಷ್ಟೋ ಗಟ್ಟಿಮುಟ್ಟಾದ ಕಾರುಗಳ ಆ್ಯಪ್ ಸ್ಟಾರ್ಟ್ ಸತ್ತೇ ಹೋಯಿತು. ಅದಕ್ಕೂ ಮೊದಲು, 2021ರ ಡಿಸೆಂಬರ್‌ನಲ್ಲಿ, ಟೊಯೋಟ ತನ್ನ ಕೆಲವು ಕಾರುಗಳಲ್ಲಿ ಕೀಯ ರಿಮೋಟ್ ಸ್ಟಾರ್ಟನ್ನೂ ಚಂದಾಕ್ಕೆ ಕಟ್ಟಿಹಾಕಿದೆ ಅಂತ ಅಲ್ಲಿ ಗಲಾಟೆಯಾಗಿತ್ತು. ಸಂಕೇತ ಟವರ್ ಮುಟ್ಟುವುದೇ ಇಲ್ಲ, ಆದರೂ ಬಾಡಿಗೆ! ಇದನ್ನು ನಾನು ಒಪ್ಪಲಾರೆ.

ಆ್ಯಪ್ ಆದರೆ ಎಷ್ಟು ದೂರದಿಂದಲೂ ಆಗುತ್ತದಲ್ಲ ಅನ್ನುತ್ತೀರಿ. ಕಣ್ಣಿಗೆ ಕಾಣದ ಕಾರನ್ನು ಸ್ಟಾರ್ಟ್ ಮಾಡಿ ಏನಾಗಬೇಕು? ಹಿಂದಿನ ಕಾರಿನಲ್ಲಿ ನನಗೂ ಆ್ಯಪ್ ಇತ್ತು. ಒಂದು ಮಧ್ಯಾಹ್ನ ಆಫೀಸಿನಲ್ಲಿ ಕೂತು ಕೈತಪ್ಪಿ ಒತ್ತಿಬಿಟ್ಟೆ. ಕಾರಿದ್ದದ್ದು ಮನೆಯ ಮುಚ್ಚಿದ ಶೆಡ್‌ನಲ್ಲಿ, ಪಕ್ಕದ ಕೋಣೆಯಲ್ಲಿ ಮಗಳು ಮಲಗಿದ್ದಳು. ಕಾರಿನ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನೋಟಿಫಿಕೇಶನ್ ಕಂಡು ತಕ್ಷಣ ನಿಲ್ಲಿಸಿದೆ. ಹೆಂಡತಿಗೆ ಇವತ್ತಿನವರೆಗೂ ಹೇಳಿಲ್ಲ, ಇಲ್ಲೇ ಓದುತ್ತಾಳೆ.

ಎಲೆಕ್ಟ್ರಿಕ್ ಕಾರಿನ ಮಾತು ಬೇರೆ, ಹೊಗೆಯಿಲ್ಲದೆ ಎಸಿ ಓಡುತ್ತದೆ. ಆದರೆ ಕೈಯಿಂದ ಗೇರ್ ಹಾಕುವ ಹಳೇ ಕಾರಿಗೆ ಹೊರಗಡೆ ವೈರ್ ಕತ್ತರಿಸಿ ರಿಮೋಟ್ ಸ್ಟಾರ್ಟ್ ಕಿಟ್ ಹಾಕಿಸುವುದು ದಯವಿಟ್ಟು ಬೇಡ. ಇಳಿಜಾರಿನಲ್ಲಿ ಗೇರ್ ಹಾಕಿ ನಿಲ್ಲಿಸುವುದು ನಮ್ಮ ರೂಢಿ, ಆ ಸ್ಥಿತಿಯಲ್ಲಿ ಸ್ಟಾರ್ಟ್ ಆದರೆ ಕಾರು ಮುಂದಕ್ಕೋ ಹಿಂದಕ್ಕೋ ನೆಗೆಯುತ್ತದೆ.

ತಮ್ಮ ರಾತ್ರಿಯೇ ಚಂದಾ ಕಟ್ಟುತ್ತೀನಿ ಅಂತಿದ್ದಾನೆ. ಬೇಡ ಅಂದಿದ್ದೀನಿ. ನಾಳೆ ಇಬ್ಬರೂ ಶೋರೂಮಿಗೆ ಹೋಗುತ್ತಿದ್ದೇವೆ, ಕೊಂಡ ದಿನದ ಬಿಲ್ಲು ಹಿಡಿದುಕೊಂಡು.